ಚಿಗರಿ ಬೆನ್ನು ಹತ್ತಿದ ಚಿಗರಿ: ಮುಧೋಳ ನಾಯಿ ಕರ್ಕೊಂಡು ಗುಡ್ಡಕ್ಕ ಹೋದ ಒಂದು ಸಂಡೇದ ಪೂರ್ತಿ ಪ್ರಕರಣ

ನಮ್ಮ ನಾಯಿ ಹೆಸರು ಚಿಗರಿ. ಹುಬ್ಬಳ್ಳಿ-ಧಾರವಾಡದಾಗ ಓಡಾಡೋ ಬಸ್ಸಿಗೂ ಅದ ಹೆಸರು ಐತಿ, ಆದ್ರ ನಾವು ಬಸ್ ನೋಡಿ ಇಟ್ಟಿದ್ದಲ್ಲ, ಮರಿ ಇದ್ದಾಗ ಅಂಗಳದಾಗ ನಾಕೂ ಕಾಲು ಒಮ್ಮೆಲೆ ಎತ್ತಿ ಜಿಗಿಯೋದು ನೋಡಿ ನಮ್ಮ ಅತ್ತಿ ಇಟ್ಟ ಹೆಸರು. ಹೋದ ಜನವರಿಯೊಳಗ ಈ ಚಿಗರಿ ಖರೇ ಚಿಗರಿ ಒಂದರ, ಅಂದ್ರ ಚಿಂಕಾರ ಅನ್ನೋ ಸಣ್ಣ ಹುಲ್ಲೆ ಒಂದರ, ಬೆನ್ನು ಹತ್ತಿ, ಅದೂ ವನ್ಯಜೀವಿಧಾಮದ ಒಳಗ, ನಮ್ಮನ್ನೆಲ್ಲಾ ಫಾರೆಸ್ಟ್ ಆಫೀಸಿನ ಬೆಂಚಿನ ಮ್ಯಾಲೆ ಕೂಡಿಸ್ತು. ಸುದ್ದಿ ಬೀಗರು-ಬಿಜ್ಜರ ತನಕ ಹಬ್ಬಿ ಒಬ್ಬೊಬ್ರ ಬಾಯಾಗ ಒಂದೊಂದು ಆಗೇತಿ, ಮೈದುನನ್ನ ಕೇಳಿದ್ರ "ಏನೂ ಆಗಿಲ್ಲ" ಅಂತಾನ, ನಮ್ಮವ್ವನ್ನ ಕೇಳಿದ್ರ ನಾವೆಲ್ಲಾ ಜೈಲು ನೋಡಿ ಬಂದಂಗ ಹೇಳ್ತಾಳ. ಅದಕ್ಕ ಆಗಿದ್ದು ಆದಂಗ ಬರದಿಡ್ತೀನಿ, ನಾಯಿ ಸಾಕಿದವ್ರಿಗೆ, ಅದರಾಗೂ ಮುಧೋಳ ನಾಯಿ ಸಾಕಿ ಸಂಡೇಕ್ಕೊಮ್ಮೆ ಗುಡ್ಡ ಹತ್ತೋಣು ಅನ್ನವ್ರಿಗೆ ಉಪಯೋಗ ಆದೀತು.

ನಾವಿರೋದು ಬಾಗಲಕೋಟೆ ನವನಗರದಾಗ. ಸೈಟ್ ಸಣ್ಣದು, ಅಂಗಳ ಇನ್ನೂ ಸಣ್ಣದು. ಚಿಗರಿಗೆ ಆವಾಗ ಎರಡು ವರ್ಷ, ಮುಧೋಳ ಕಡೆ ಸಾಕೋರ ಹತ್ರ ತಂದಿದ್ದು, ತೆಳ್ಳಗ ಉದ್ದ ಮೂತಿ, ಎದಿ ಆಳ, ಹೊಟ್ಟಿ ಬೆನ್ನಿಗೆ ಹತ್ತಿದಂಗ, ನೋಡಿದ ಮಂದಿ ಎಲ್ಲಾ "ಊಟಾ ಹಾಕಂಗಿಲ್ಲೇನ್ರಿ ಇದಕ್ಕ" ಅಂತ ಕೇಳ್ತಾರ. ಮುಧೋಳದ ರಾಜ ಮಾಲೋಜಿರಾವ್ ಘೋರ್ಪಡೆ ಅವ್ರು ಈ ತಳಿ ಬೆಳಸಿ, ಒಂದು ಜೋಡಿ ಮರಿ ಇಂಗ್ಲೆಂಡಿನ ರಾಜ ಐದನೇ ಜಾರ್ಜ್‌ಗೆ ಕಾಣಿಕಿ ಕೊಟ್ಟಿದ್ದು ನಮ್ಮ ಕಡೆ ಸಾಲಿ ಹುಡುಗೂರಿಗೂ ಗೊತ್ತು. 2005ರಾಗ ಅಂಚೆ ಇಲಾಖೆ ಸ್ಟಾಂಪ್ ಬಿಟ್ತು, ಮುಧೋಳದ ಹತ್ರ ತಿಮ್ಮಾಪುರದಾಗ ಈ ತಳಿ ಸಲುವಾಗೇ ಸಂಶೋಧನಾ ಕೇಂದ್ರ ಐತಿ, 2020ರ ಆಗಸ್ಟ್‌ನ್ಯಾಗ ಪ್ರಧಾನಿ ರೇಡಿಯೋದಾಗ ಇದರ ಹೆಸರು ತಗೊಂಡ ಮ್ಯಾಲಂತೂ ಕೇಳೋರು ಹೆಚ್ಚಾದ್ರು. ಆದ್ರ ಇಷ್ಟೆಲ್ಲಾ ಹೆಮ್ಮಿ ಹೇಳೋ ನಾವು ಒಂದು ಮಾತು ಮಾತ್ರ ಪಕ್ಕಕ್ಕಿಟ್ಟು ಹೇಳ್ತೀವಿ. ಇದು ಬೇಟೆ ನಾಯಿ. ಮೂಗಿನಲೆ ವಾಸನಿ ಹಿಡಕೊಂಡು ಹೋಗೋ ನಾಯಿ ಅಲ್ಲ, ಕಣ್ಣಲೆ ನೋಡಿ ಓಡೋ ನಾಯಿ. ದೂರದಾಗ ಏನರೆ ಓಡ್ತು ಅಂದ್ರ ಇದರ ಕಾಲು ಎದ್ದಾಗಿರ್ತೈತಿ, ನಾವು ಕರದದ್ದು ಕಿವಿಗೆ ಮುಟ್ಟೋದು ಆಮ್ಯಾಲೆ, ಮುಟ್ಟಿದ್ರ.

ಅವತ್ತಿನ ಪ್ಲಾನ್ ಹಾಕಿದಾಂವ ನಮ್ಮ ಮೈದುನ. ಬೆಳಗಾವಿಯೊಳಗ ನೌಕರಿ, ರಜಾಕ್ಕ ಬಂದಿದ್ದ, ಜೊತಿಗೆ ಅವನ ದೋಸ್ತ ಒಬ್ಬ. ಇಬ್ರೂ ಫೋನಿನಾಗ ಅಮೆರಿಕಾದವ್ರು ನಾಯಿ ಕರ್ಕೊಂಡು ಗುಡ್ಡ ಹತ್ತೋ ವಿಡಿಯೋ ನೋಡಿ ನೋಡಿ ತಲಿ ಕೆಡಿಸ್ಕೊಂಡಿದ್ರು, ಹಗ್ಗ ಇಲ್ಲ ಪಟ್ಟಾ ಇಲ್ಲ, ನಾಯಿ ಮುಂದ ಓಡ್ತದ ಮಾಲಕ ಹಿಂದ ಬ್ಯಾಗ್ ಹಾಕ್ಕೊಂಡು ನಡೀತಾನ, ಸರ್ಕಾರಿ ಜಾಗಾ ಅಂದ್ರ ಅಲ್ಲಿ ಹಂಗ, ಎಲ್ಲಾರಿಗೂ ಸೇರಿದ್ದು, ಇಲ್ಲೆ ಮಾತ್ರ ನಾಯಿ ಕಂಡ್ರ ಕಲ್ಲು ಹೊಡೀತಾರ ಅಂತ ಒಂದು ತಾಸು ಭಾಷಣ. ಆಮ್ಯಾಲೆ ನಾನು ಕೂತು ಓದಿದೆ, ಅಲ್ಲಿನೂ ಹಂಗೇನಿಲ್ಲ. ಅವ್ರ ನ್ಯಾಷನಲ್ ಪಾರ್ಕಿನಾಗ ಹಗ್ಗ 6 ಫೂಟಿಗಿಂತ ಉದ್ದ ಇರಬಾರದು, ಯೆಲ್ಲೋಸ್ಟೋನ್‌ದಾಗ ಕಾಲುದಾರಿ ಮ್ಯಾಲೆ ನಾಯಿ ಬಿಡೋದೇ ಇಲ್ಲ, ರೋಡಿನಿಂದ 100 ಫೂಟ್ ಒಳಗ ಇರಬೇಕು, ಗ್ರ್ಯಾಂಡ್ ಕ್ಯಾನ್ಯನ್ನಿನಾಗ ಮ್ಯಾಲಿನ ದಂಡಿ ಗುಂಟ ಹಗ್ಗ ಹಿಡದು ಅಡ್ಡಾಡಬಹುದು, ಕಣಿವಿಯೊಳಗ ಇಳಿಯಂಗಿಲ್ಲ. ಸಡಿಲ ಇರೋದು ನ್ಯಾಷನಲ್ ಫಾರೆಸ್ಟ್, ಮತ್ತ ಬಿಎಲ್‌ಎಂ ಅಂತ ಇನ್ನೊಂದು ಇಲಾಖೆ ನೋಡ್ಕೊಳ್ಳೋ ಬಯಲು ಜಾಗಾದಾಗ, ಅದೂ ಕ್ಯಾಂಪ್ ಜಾಗಾಕ್ಕ ಬಂದ್ರ ಹಗ್ಗ ಹಾಕಬೇಕು. ಅಂದ್ರ ಅಲ್ಲಿನೂ ಮೊದಲ ಕೇಳೋ ಪ್ರಶ್ನಿ ಒಂದ, ಈ ಜಾಗಾ ಯಾವ ಇಲಾಖೆದು. ವಿಡಿಯೋದಾಗ ಅದನ್ನ ಯಾರ್ ಹೇಳ್ತಾರ.

ಮುಂಜಾನಿ ಆರಕ್ಕ ಬಾದಾಮಿಗೆ ಹೊಂಟ್ವಿ. ನಾನು, ನಮ್ಮನಿಯವ್ರು, ಮೈದುನ, ಅವನ ದೋಸ್ತ, ನಾಕನೇ ಕ್ಲಾಸಿನ ಮಗಳು, ಡಿಕ್ಕಿಯೊಳಗ ಚಿಗರಿ. ಅಗಸ್ತ್ಯ ತೀರ್ಥದ ಆ ಕಡೆ ಉತ್ತರದ ಕ್ವಾಟಿ ಹತ್ತಿ ಬರೋದು ಅಂತ ವಿಚಾರ. ಗೇಟಿನಾಗ ತಡದ್ರು. ನಾಯಿ ಒಳಗ ಬಿಡಂಗಿಲ್ಲ.

ಮೈದುನ ಸುಮ್ಮನಿರೋ ಪೈಕಿ ಅಲ್ಲ. ಒಳಗ ಮಂಗ್ಯಾ ಅದಾವ, ಅಗೋ ಅಲ್ಲಿ ಮೆಟ್ಟಲ ಮ್ಯಾಲೆ ಬೀದಿ ನಾಯಿ ಮಲಗೇತಿ, ಅವಕ್ಕ ಇಲ್ಲದ ರೂಲ್ಸ್ ನಮ್ಮ ನಾಯಿಗೆ ಯಾಕ್ರಿ ಅಂದ. ಗೇಟಿನಾಗಿನ ಮುದುಕಪ್ಪ ಬೀಡಿ ಆರಿಸಿ ಒಂದ ಮಾತು ಹೇಳಿದ, "ತಮ್ಮಾ, ಅವಕ್ಕ ಮಾಲಕರಿಲ್ಲ. ಇದಕ್ಕ ನೀ ಇದ್ದೀಯಲ್ಲ." ನನಗ ಅಲ್ಲೇ ನಗು ಬಂತು, ಮೈದುನಗ ಬರಲಿಲ್ಲ. ರೂಲ್ಸ್ ಏನ್ ನಿನ್ನೆ ಮೊನ್ನೆದಲ್ಲ, 1958ರ ಪುರಾತನ ಸ್ಮಾರಕಗಳ ಕಾಯ್ದೆ ಕೆಳಗ 1959ರಾಗ ಮಾಡಿದ ನಿಯಮದಾಗ ಸಂರಕ್ಷಿತ ಸ್ಮಾರಕದೊಳಗ, ಅದರ ನಿಗಾ ಮಾಡೋ ಕೆಲಸಕ್ಕ ಬಿಟ್ಟು ಬ್ಯಾರೆ ಯಾವ ಉದ್ದೇಶಕ್ಕೂ ಪ್ರಾಣಿ ತರಬಾರದು ಅಂತ ಸೀದಾ ಬರದೈತಿ. ಹಗ್ಗ ಹಾಕಿದ್ರ ನಡೀತದ, ಸಣ್ಣ ನಾಯಿ ಇದ್ರ ನಡೀತದ, ಹಂಗೇನಿಲ್ಲ. ಬಾದಾಮಿ ಅಷ್ಟ ಅಲ್ಲ, ಪಟ್ಟದಕಲ್ಲು, ಐಹೊಳೆ, ವಿಜಯಪುರದ ಗೋಳಗುಮ್ಮಟ, ಎಲ್ಲಾಕಡೆ ಇದ. ಮತ್ತ ಖರೇ ಹೇಳಬೇಕಂದ್ರ ಬಿಡದಿದ್ದದ್ದ ಚಲೋ ಆತು, ಬಾದಾಮಿ ಮಂಗ್ಯಾ ಮತ್ತ ಮುಧೋಳ ನಾಯಿ ಒಂದ ಮೆಟ್ಟಲ ಮ್ಯಾಲೆ ಎದುರಾಬದುರಾ ಆದ್ರ ಯಾವುದು ಯಾರನ್ನ ಕೆಳಗ ಕೆಡವೀತು ಹೇಳಾಕಾಗಲ್ಲ, ಮ್ಯಾಲೆ ಆ ಕೆಂಪು ಕಲ್ಲು ಹನ್ನೊಂದು ಗಂಟೆ ಆಗೋದ್ರಾಗ ಹಂಚು ಕಾದಂಗ ಕಾದಿರ್ತದ, ನಮಗ ಚಪ್ಪಲಿ ಐತಿ, ಅದಕ್ಕ ಇಲ್ಲ.

ಇಲ್ಲಿಗೆ ಮನಿಗೆ ಹೊಳ್ಳಿದ್ರ ಈ ಬರಹ ಇರ್ತಿರಲಿಲ್ಲ. ಆದ್ರ ಬುತ್ತಿ ಕಟ್ಟಿದ್ದೆ, ಮಗಳು ಮುಖ ಸಪ್ಪಗ ಮಾಡಿದ್ಲು, ನಾಯಿ ಡಿಕ್ಕಿಯೊಳಗ ಕುಂಯ್ ಕುಂಯ್ ಅಂತಿತ್ತು. ಬೀಳಗಿ ಕಡೆ ನಮ್ಮ ಸೋದರಮಾವಂದು ಹೊಲ ಐತಿ, ಅಲ್ಲಿಗೆ ಹೋಗಿ ಉಂಡು, ಸಂಜಿಮುಂದ ಅಲ್ಲೇ ಗುಡ್ಡದ ಕಡೆ ಅಡ್ಡಾಡಿ ಬರೋಣು, ಅಲ್ಲಿ ಟಿಕೆಟ್ ಇಲ್ಲ ಗೇಟ್ ಇಲ್ಲ, ಯಾರೂ ಕೇಳಂಗಿಲ್ಲ ಅಂತ ನಿರ್ಣಯ ಆತು. ಗೇಟ್ ಇಲ್ಲ ಅಂದ್ರ ರೂಲ್ಸ್ ಇಲ್ಲ ಅಂತ ನಾವು ಐದೂ ಮಂದಿ ಯಾವಾಗ ತಿಳ್ಕೊಂಡ್ವಿ ಅಂತ ಈಗ ವಿಚಾರ ಮಾಡಿದ್ರ ನನಗ ಗೊತ್ತಾಗೋದಿಲ್ಲ, ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಎಲ್ಲಾರೂ ಒಪ್ಪಿದ್ವಿ.

ರೊಟ್ಟಿ, ಎಣ್ಣಿಗಾಯಿ, ಶೇಂಗಾ ಚಟ್ನಿ, ಮ್ಯಾಲೆ ಮಜ್ಜಿಗಿ ಕುಡದು ಗಿಡದ ಕೆಳಗ ಸ್ವಲ್ಪ ಅಡ್ಡಾಗಿ, ನಾಕೂವರಿಗೆ ಎದ್ವಿ. ಮಾವನ್ನ ಕೇಳಿದೆ, ಆ ಕಡೆ ಹೋಗಬಹುದಲ್ಲ ಅಂತ. "ಹೋಗ್ರಿ, ಅದು ಗಾಯರಾಣ" ಅಂದ. ಗಾಯರಾಣ ಅಂದ್ರ ದನಾ ಮೇಯಾಕ ಬಿಟ್ಟ ಸರ್ಕಾರಿ ಜಾಗಾ, ದಕ್ಷಿಣದವ್ರು ಗೋಮಾಳ ಅಂತಾರಲ್ಲ ಅದು. ಮಾವ ಹೇಳಿದ್ದು ತಪ್ಪಲ್ಲ. ಆದ್ರ ಗಾಯರಾಣ ಎಲ್ಲಿತನಕ ಅಂತ ನಾನು ಕೇಳಲಿಲ್ಲ, ಅಂವ ಹೇಳಲಿಲ್ಲ. ಬಂಡಿ ದಾರಿ ಹಿಡದು ಹತ್ತು-ಹದಿನೈದು ನಿಮಿಷ ನಡದ್ರ ಬಲಗಡೆ ಸುಣ್ಣ ಬಳದ ಗಡಿ ಕಲ್ಲು, ಅದರಾಚೆ ಯಡಹಳ್ಳಿ ಚಿಂಕಾರ ವನ್ಯಜೀವಿಧಾಮ. 2016ರಾಗ ಘೋಷಣಾ ಆಗಿದ್ದು, ಬೀಳಗಿ-ಮುಧೋಳ ತಾಲೂಕಿನಾಗ ಸುಮಾರು 96 ಚದರ ಕಿಲೋಮೀಟರ್. ಬರೋ ದಾರಿಯಾಗ ಡಾಂಬರ್ ರೋಡಿನ ಬಾಜೂ ಅದರ ಬೋರ್ಡ್ ನೋಡಿದ್ವಿ, ಮಗಳು ಜೋರಾಗಿ ಓದಿನೂ ಹೇಳಿದ್ಲು, ನಾವು ಅದೆಲ್ಲೋ ಒಳಗ ಇರಬೇಕು ಅಂದ್ಕೊಂಡ್ವಿ. ಕಾಡು ಅಂದ್ರ ದೊಡ್ಡ ದೊಡ್ಡ ಗಿಡ, ಕತ್ತಲು, ನೀರು ಅಂತ ತಲಿಯೊಳಗ ಕೂತಿರ್ತೈತಿ. ಇಲ್ಲಿ ನೋಡಿದ್ರ ಕುರುಚಲು ಜಾಲಿ, ಕಲ್ಲು, ಒಣ ಹುಲ್ಲು. ಇದೂ ಒಂದು ಅಭಯಾರಣ್ಯ ಅಂತ ನಂಬಾಕ ಕಣ್ಣು ಒಪ್ಪಂಗಿಲ್ಲ. ಚಿಂಕಾರಕ್ಕ ಬೇಕಾದದ್ದು ಮಾತ್ರ ಇಂಥಾದ ಬಯಲು, ನೀರು ಕಡಿಮಿ ಇದ್ರೂ ಎಲಿ-ಕಾಯಿ ತಿಂದ ಅದರಾಗಿನ ಪಸಿಲೇ ದಿನಾ ದೂಡ್ತದ.

ಈಗ ನನ್ನ ತಪ್ಪಿಗೆ ಬರ್ತೀನಿ. ಹಗ್ಗ ನನ್ನ ಕೈಯಾಗಿತ್ತು. "ವೈನೀ, ಬಿಡ್ರಲಾ, ಸ್ವಲ್ಪ ಓಡ್ಲಿ, ಇಲ್ಲಿ ಯಾರ್ ಅದಾರ" ಅಂದ ಮೈದುನ. ಆ ಮಾತಿಗೆ ನಾನು ಹೂಂ ಅನ್ನೋಕಿಂತ ಮೊದಲ ಪಟ್ಟಾದ ಕೊಕ್ಕಿ ಬಿಚ್ಚಿದ್ದೆ. ಮನಿ ಅಂಗಳದಾಗ ಕರದ್ರ ಬರ್ತಾಳ, ನವನಗರದ ಖಾಲಿ ಸೈಟಿನಾಗ ಕರದ್ರ ಬರ್ತಾಳ, ಇಲ್ಲಿನೂ ಬರ್ತಾಳ ಅಂತ. ಬಂದ್ಲು ಕೂಡ, ಮೊದಲ ಎರಡು ಸಲ. ಒಂದು ಬಿಸ್ಕೀಟ್ ತಿಂದು ಹೋದ್ಲು. ಮೂರನೇ ಸಲ ಒಂದು ಸಪ್ಪಳ ಬಂತು, ಯಾರೋ ಸೀನಿದಂಗ, ಛೀಂ ಅಂತ. ಮಗಳು ನನ್ನ ಮುಖ ನೋಡಿದ್ಲು, ನಾನು ಅವಳ ಮುಖ ನೋಡಿದೆ, ನಮ್ಮಾಗ ಯಾರೂ ಸೀನಿರಲಿಲ್ಲ. ಚಿಂಕಾರ ಹೆದರಿದಾಗ ಮೂಗಿನಲೆ ಹಂಗ ಸಪ್ಪಳ ಮಾಡಿ, ಮುಂಗಾಲಿನಲೆ ನೆಲಾ ಬಡೀತದ. ಅದರ ಹೆಸರೂ ಆ ಸೀನಿನಿಂದ ಬಂದದ್ದು ಅಂತಾರ. ಇದೆಲ್ಲಾ ಆಮ್ಯಾಲೆ ತಿಳದದ್ದು.

ನೂರು ಮಾರು ದೂರದಾಗ ಕಂದು ಬಣ್ಣದ್ದು ಒಂದು ಎದ್ದು ಓಡ್ತು, ಚಿಗರಿ ಎದ್ದದ್ದ ಕಾಣಲಿಲ್ಲ ನನಗ, ನೋಡೋದ್ರಾಗ ಆಕಿ ಅರ್ಧ ದಾರಿಯಾಗಿದ್ಲು. ಅಷ್ಟು ಚಂದ ಓಡೋದನ್ನ ನಾನು ಎಂದೂ ನೋಡಿದ್ದಿಲ್ಲ, ಬೆನ್ನು ಬಿಲ್ಲಿನಂಗ ಬಾಗಿ ಬಾಗಿ ಬಿಚ್ಕೊಳ್ಳತಿತ್ತು, ಇದನ್ನ ಬರೀಬಾರದು ಅನಸ್ತದ ಆದ್ರ ಖರೇ ಬರೀತೀನಿ ಅಂದ ಮ್ಯಾಲೆ ಬರೀಬೇಕು, ಒಂದು ಕ್ಷಣ ನಾವೆಲ್ಲಾ ಬಾಯಿ ತಕ್ಕೊಂಡು ನೋಡ್ಕೋತ ನಿಂತ್ವಿ. ಚಿಂಕಾರ ಒಂದು ಬದು ಜಿಗೀತು, ಎಡಕ್ಕ ಹೊಳ್ಳಿತು, ಹೊಳ್ಳಿ ಬಲಕ್ಕ, ಚಿಗರಿ ಬೆನ್ನ ಹಿಂದ. ಎರಡೂ ಏರಿ ದಾಟಿ ಇಳದು ಹೋದ್ವು. ಆಮ್ಯಾಲೆ ಒದರಾಕ ಶುರು ಮಾಡಿದ್ವಿ. ಚಿಗರೀ, ಚಿಗರೀ ಅಂತ. ಚಿಂಕಾರಕ್ಕೂ ನಮ್ಮ ಕಡೆ ಚಿಗರಿ ಅಂತಾರ, ಯಾರನ್ನ ಕರಿಯಾಕತ್ತೀವಿ ಅಂತ ಆ ಗುಡ್ಡಕ್ಕ ತಿಳೀತೋ ಇಲ್ಲೋ.

ಹುಡುಕಾಟ ಹೆಚ್ಚು ಹೇಳೋದಿಲ್ಲ, ಒಂದು ತಾಸು ಮ್ಯಾಲೆ ಆತು, ಸೂರ್ಯ ಇಳೀತು, ನಮ್ಮನಿಯವ್ರ ಪ್ಯಾಂಟ್ ಜಾಲಿ ಮುಳ್ಳಿಗೆ ಹರೀತು, ಮಗಳು ಅಳಾಕತ್ತಿದ್ಲು. ಗಡಿ ಕಲ್ಲು ದಾಟಿದ್ದು ನಮಗ ಆವಾಗೂ ಲಕ್ಷ್ಯ ಇರಲಿಲ್ಲ. ಬೈಕಿನ ಸಪ್ಪಳ ಬಂತು. ಫಾರೆಸ್ಟ್ ಗಾರ್ಡ್, ಹಿಂದ ಒಬ್ಬ ಕುರಿ ಕಾಯೋ ಹಿರ್ಯಾ. ಗಾರ್ಡ್ ಸಾಹೇಬ್ರು ಗಾಡಿ ನಿಲ್ಲಿಸಿ ಮೊದಲ ಕೇಳಿದ್ದು, "ನಾಯಿ ನಿಮ್ದೇನ್ರಿ? ಬಂದೂಕು ಬಲಿ ಏನರೆ ಐತೇನ್ರಿ?" ಬಲಿ ಅಂದ್ರ ಜಾಳಗಿ. ಮುಧೋಳ ನಾಯಿ, ಸಂಜಿ ಹೊತ್ತು, ಮೂರು ಮಂದಿ ಗಂಡಸರು, ಅಭಯಾರಣ್ಯದ ಒಳಗ. ಅವ್ರ ಕಣ್ಣಿಗೆ ನಾವು ಯಾರು ಕಂಡ್ವಿ ಅಂತ ಆ ಒಂದು ಪ್ರಶ್ನಿಯೊಳಗ ಗೊತ್ತಾತು. ನಮ್ಮ ಕಡೆ ಮೊಲದ ಬೇಟೆಗೆ ಹೋಗೋರು ಒಯ್ಯೋದು ಇದ ತಳಿ ನಾಯಿನ್ನ. ಪಿಕ್ನಿಕ್ ಬಂದೀವ್ರಿ ಅಂತ ಎಷ್ಟು ಹೇಳಿದ್ರೂ ನಾಯಿ ಆಕಾರ ಬ್ಯಾರೆ ಕಥಿ ಹೇಳ್ತದ.

ಚಿಗರಿ ಸಿಕ್ಕದ್ದು ಆ ಹಿರ್ಯಾನ ಹಟ್ಟಿಯೊಳಗ. ಚಿಂಕಾರ ತಪ್ಪಿಸ್ಕೊಂಡ ಮ್ಯಾಲೆ ಸೋತು ಕುರಿ ಹಿಂಡಿನ ಕಡೆ ಹೋಗ್ಯಾಳ, ಅವನ ಎರಡು ನಾಯಿ ಅಡ್ಡ ಬಂದಾವ, ಅಂವ ಬಡಿಗಿ ತೋರಿಸಿ ಅವನ್ನ ಹಿಂದಕ್ಕ ಸರಸಿ ಇಕಿನ್ನ ಟವೆಲ್ಲಿನಲೆ ಕಟ್ಟಿ ಹಾಕ್ಯಾನ. ಕಿವಿ ಹರದಿತ್ತು, ಮುಂದಿನ ಬಲಗಾಲಿನ ಅಂಗಾಲು ಸುಲದಿತ್ತು. "ಯವ್ವಾ, ಹಿಂಡಿನಾಗ ನುಗ್ಗಿ ಒಂದು ಮರಿ ಹಿಡದಿದ್ರ ನಾ ಏನ್ ಮಾಡಬೇಕಿತ್ತು?" ಅಂತ ಕೇಳಿದ ಹಿರ್ಯಾ, ಸಿಟ್ಟಿಲೆ ಅಲ್ಲ, ಖರೇನ ಉತ್ತರ ಬೇಕು ಅನ್ನೋರಂಗ. ನನ್ನ ಹತ್ರ ಉತ್ತರ ಇರಲಿಲ್ಲ. ಸಾಕಿದ ಪ್ರಾಣಿನ್ನ ಹದ್ದುಬಸ್ತಿನಾಗ ಇಡದ ಮಂದಿಗೆ ಅಪಾಯ ಆಗೂವಂಗ ಬಿಟ್ರ ಭಾರತೀಯ ನ್ಯಾಯ ಸಂಹಿತೆ 291ರ ಕೆಳಗ ಆರು ತಿಂಗಳ ತನಕ ಸಜಾ ಇಲ್ಲಾ 5,000 ರೂಪಾಯಿ ತನಕ ದಂಡ ಇಲ್ಲಾ ಎರಡೂ ಆಗಬಹುದು, ಕುರಿದು ರೊಕ್ಕಾ ಕೊಡೋದು ಬ್ಯಾರೆ. ಹಿರ್ಯಾನ ನಾಯಿಗಳ ಕೊರಳಾಗ ಒಂದೊಂದು ಕಟ್ಟಿಗಿ ತುಂಡು ಜೋತು ಬಿದ್ದಿತ್ತು, ಮೊಣಕಾಲಿಗೆ ಬಡಿಯೋಷ್ಟು ಉದ್ದ. ನಡೀಬಹುದು, ಬೊಗಳಬಹುದು, ತ್ವಾಳ ಬಂದ್ರ ಎದುರು ನಿಂದರಬಹುದು, ಆದ್ರ ಮೊಲದ ಬೆನ್ನು ಹತ್ತಿ ಓಡಾಕ ಆಗಂಗಿಲ್ಲ. ಕಾಯ್ದೆ ಓದದ ಮನಷ್ಯಾ ನಮಗಿಂತ ಎಷ್ಟೋ ಮುಂದಿದ್ದ.

ಗಾರ್ಡ್ ಸಾಹೇಬ್ರು ಟಾರ್ಚ್ ಹಿಡದು ಹೆಜ್ಜಿ ನೋಡ್ಕೋತ ಹೋದ್ರು, ನಾನೂ ಹಿಂದ ಹೋದೆ. ಮೆತ್ತನ್ನ ಮಣ್ಣು ಇದ್ದಲ್ಲಿ ಗೊರಸಿನ ಗುರುತು, ಅದರ ಮ್ಯಾಲೆ ಪಂಜದ ಗುರುತು, ಮುಂದಕ್ಕ ಹೋದಂಗ ಗೊರಸಿನ ಗುರುತು ಅಷ್ಟ ಉಳೀತು, ಪಂಜ ಬ್ಯಾರೆ ಕಡೆ ಹೊಳ್ಳಿತ್ತು. ರಕ್ತ ಎಲ್ಲಿನೂ ಇರಲಿಲ್ಲ. ಉಳೀತ್ರಿ ಅಂದೆ. ಅವ್ರು ತಲಿ ಅಲ್ಲಾಡಿಸಿದ್ರು, "ಈಗ ಉಳದದ್ರಿ ಅಕ್ಕಾರ, ನಾಳೆ ನೋಡಬೇಕು." ಈ ಜಾತಿ ಪ್ರಾಣಿ ಜೀವಾ ಒತ್ತಿ ಓಡಿದ ಮ್ಯಾಲೆ ಮೈಯಾಗಿನ ಮಾಂಸಖಂಡ ಕೆಟ್ಟು, ಗಾಯಾ ಒಂದೂ ಇಲ್ಲದ ಎರಡು-ಮೂರು ದಿನಕ್ಕ ಸಾಯೋದೂ ಐತಿ, ನಮ್ಮ ನಾಯಿ ಡಾಕ್ಟರ್ ಆಮ್ಯಾಲೆ ಅದನ್ನ ಬಿಡಿಸಿ ಹೇಳಿದ್ರು. ಮರಿ ಹಾಕಿದ ತಾಯಿ ಇದ್ರ ಇನ್ನೂ ಕೆಟ್ಟ, ಮರಿನ್ನ ಹುಲ್ಲಾಗ ಮುಚ್ಚಿಟ್ಟು ದೂರ ಮೇಯ್ತಿರ್ತೈತಿ, ಬೆನ್ನಟ್ಟಿಸ್ಕೊಂಡು ಎಲ್ಲೆಲ್ಲೋ ಹೋದ್ರ ಮರಿ ಹಂಗ ಕೂತಿರ್ತದ ಅಲ್ಲೇ, ನರಿ ಬಂದ್ರೂ ಹೈನಾ ಬಂದ್ರೂ. ಇದರಾಗ "ನಮ್ಮ ನಾಯಿ ಕಚ್ಚಲಿಲ್ಲ" ಅನ್ನೋ ಮಾತಿಗೆ ಏನ್ ಕಿಮ್ಮತ್ತು ಉಳೀತು?

ಕಾಯ್ದೆನೂ ಹಂಗ ಹೇಳ್ತದ ಅಂತ ಮರುದಿನ ಆಫೀಸಿನಾಗ ಕೂತಾಗ ತಿಳೀತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೊಳಗ ಬೇಟೆ ಅಂದ್ರ ಕೊಲ್ಲೋದು ಅಷ್ಟ ಅಲ್ಲ. ಹಿಡಿಯೋದು, ಉರುಲು ಹಾಕೋದು, ಓಡಿಸಿ ಒಂದು ಕಡೆ ತರೋದು, ನಾಯಿ ಬಿಟ್ಟು ಬೆನ್ನಟ್ಟಿಸೋದು, ಇವೆಲ್ಲಾ ಬೇಟೆನ, ಇವನ್ನ ಮಾಡಾಕ ಪ್ರಯತ್ನ ಪಟ್ರೂ ಬೇಟೆನ. 2ನೇ ಕಲಂನ ವ್ಯಾಖ್ಯೆಯೊಳಗ ಬರದಾರ. ಚಿಂಕಾರ ಶೆಡ್ಯೂಲ್ ಒಂದರಾಗ, ಅಂದ್ರ ಎಲ್ಲಾಕಿಂತ ಹೆಚ್ಚು ರಕ್ಷಣಾ ಇದ್ದ ಪ್ರಾಣಿಗಳ ಪಟ್ಟಿಯೊಳಗ ಐತಿ, ಹುಲಿ ಇದ್ದ ಶೆಡ್ಯೂಲ್‌ದಾಗ. ಅದನ್ನ ಬೇಟೆ ಆಡಿದ್ದು ಸಾಬೀತಾದ್ರ ಕಡಿಮಿ ಅಂದ್ರ ಮೂರು ವರ್ಷ, ಹೆಚ್ಚಂದ್ರ ಏಳು ವರ್ಷ ಸಜಾ, 2022ರ ತಿದ್ದುಪಡಿ ಆದ ಮ್ಯಾಲೆ ದಂಡ 25,000ಕ್ಕ ಕಡಿಮಿ ಇಲ್ಲ. ಮತ್ತ ಇಂಥಾ ಕನಿಷ್ಠ ಸಜಾ ಇರೋ ಕೇಸನ್ನ ಆಫೀಸಿನಾಗ ದಂಡ ಕಟ್ಟಿ ಮುಗಸಾಕ ಬರಂಗಿಲ್ಲ, ಕೋರ್ಟಿಗೆ ಹೋಗಲೇಬೇಕು. ಇದನ್ನ ಕೇಳಿದಾಗ ಮೈದುನನ ಮುಖದ ಮ್ಯಾಲಿನ ಬಣ್ಣ ಹೋದದ್ದು ನೋಡಿ ನನಗ ಪಾಪ ಅನಸ್ತು, ಹಗ್ಗ ಬಿಚ್ಚಿದ ಕೈ ನಂದು ಅಂತ ನೆನಪಾಗಿ ನನ್ನ ಮುಖಾನೂ ಹಂಗ ಆಗಿರಬೇಕು.

ನಮ್ಮನ್ನ ಉಳಸಿದ್ದು ಆ ಹಿರ್ಯಾನ ಸಾಕ್ಷಿ. ಇವ್ರು ಛೂ ಅಂತ ಬಿಡಲಿಲ್ರಿ, ಹೊಳ್ಳಿ ಬಾ ಅಂತ ಒದರ್ಕೋತ ಓಡಾಡತಿದ್ರು, ನಾ ಕೇಳೀನಿ ಅಂತ ಹೇಳಿಕೆ ಕೊಟ್ಟ. ಗಾಡಿಯಾಗ ರೊಟ್ಟಿ ಡಬ್ಬಿ, ಮಗಳ ಸ್ವೆಟರ್, ಬಿಸ್ಕೀಟ್ ಪುಡಿ ಬಿಟ್ರ ಏನೂ ಇರಲಿಲ್ಲ, ನಾಯಿ ಕಾರ್ಡಿನಾಗ ರೇಬಿಸ್ ಲಸಿಕಿ ತಾರೀಖು ಬರೋಬ್ಬರಿ ಇತ್ತು. ಉಳದದ್ದು ಪರವಾನಗಿ ಇಲ್ಲದ ಒಳಗ ಬಂದದ್ದು. ಅಭಯಾರಣ್ಯದೊಳಗ ಯಾರ್ ಬರಬಹುದು ಅಂತ 27ನೇ ಕಲಂನಾಗ ಐತಿ, ಕೆಲಸದ ಮ್ಯಾಲಿನ ಸರ್ಕಾರಿ ನೌಕರ, ಒಳಗ ವಾಸ ಮಾಡಾಕ ಪರವಾನಗಿ ಇದ್ದವ್ರು, ಒಳಗ ಹೊಲ-ಮನಿ ಹಕ್ಕು ಇದ್ದವ್ರು, ಈ ಮೂರೂ ಥರದವ್ರನ್ನ ನಂಬಿದ ಮನಿ ಮಂದಿ, ಮತ್ತ ಸಾರ್ವಜನಿಕ ರೋಡ್ ಹಿಡದು ಹಾದು ಹೋಗೋರು. ಉಳದವ್ರು 28ರ ಕೆಳಗ ಪರ್ಮಿಟ್ ತಗೋಬೇಕು. ಮಾವನ ಹೊಲ ಗಡಿ ಹೊರಗ, ಬಂಡಿ ದಾರಿ ಸಾರ್ವಜನಿಕ ರೋಡ್ ಅಲ್ಲ. ಅದಕ್ಕ ಬರದ್ಕೊಂಡ್ರು, ದಂಡ ಹಾಕಿದ್ರು, ಕಟ್ಟಿ ಪಾವತಿ ತಗೊಂಡು ಬಂದ್ವಿ. ಅವ್ರ ವಹಿಯೊಳಗ ಒಂದು ಸಾಲು ಹಿಂಗ ಇತ್ತು, "ಚಿಗರಿ ಎಂಬ ಹೆಸರಿನ ಹೆಣ್ಣು ನಾಯಿ". ಬರಿಯೋವಾಗ ಸಾಹೇಬ್ರು ಪೆನ್ನು ನಿಲ್ಲಿಸಿ, ಹೆಸರು ಬ್ಯಾರೆ ಇಡಾಕ ಬರ್ತಿರಲಿಲ್ಲೇನ್ರಿ ಅಂದ್ರು.

ಇನ್ನೊಂದು ವಿಷಯ ಇದರಾಗ ಮುಚ್ಚಿ ಹೋಗಬಾರದು. ಹಗ್ಗ ಹಾಕಿದ್ರ ಆತಲ್ಲ, ನಾಯಿ ಓಡೋದಿಲ್ಲ, ಆಮ್ಯಾಲೆ ಒಳಗ ಒಯ್ದ್ರ ಏನ್ ಹಾಳು ಅಂತ ಮೈದುನನ ದೋಸ್ತ ಕೇಳಿದ. ಅಂವ ಖಾನಾಪುರ ಕಡೆಯಾಂವ, ಭೀಮಗಡದ ಕಾಡು ಅವರೂರಿನ ಬೆನ್ನಿಗೆ. ನಮ್ಮ ಡಾಕ್ಟರ್ ಕಾಲಿಗೆ ಪಟ್ಟಿ ಕಟ್ಕೋತ ಅದಕ್ಕ ಉತ್ತರ ಹೇಳಿದ್ರು. ನಾಯಿ ಮೈಮ್ಯಾಲೆ, ಉಚ್ಚಿ-ಹೇಲಿನಾಗ ರೋಗ ಇರ್ತಾವ, ಡಿಸ್ಟೆಂಪರ್, ಪಾರ್ವೋ, ರೇಬಿಸ್. ಡಿಸ್ಟೆಂಪರ್ ನಾಯಿ ಜಾತಿಗೆ ಅಷ್ಟ ಅಲ್ಲ, ಬೆಕ್ಕಿನ ಜಾತಿಗೂ ಹತ್ತತದ, 2018ರಾಗ ಗುಜರಾತಿನ ಗಿರ್‌ದಾಗ ಕೆಲವ ವಾರದಾಗ 20ಕ್ಕಿಂತ ಹೆಚ್ಚು ಸಿಂಹ ಸತ್ತಾಗ ಅವುಗಳೊಳಗ ಈ ವೈರಸ್ ಸಿಕ್ಕಿತ್ತು, 1994ರಾಗ ಆಫ್ರಿಕಾದ ಸೆರೆಂಗೆಟಿಯೊಳಗ ಮೂರರಾಗ ಒಂದು ಪಾಲು ಸಿಂಹ ಇದ ರೋಗಕ್ಕ ಹೋದ್ವು. ಭೀಮಗಡದಾಗ ಸೀಳುನಾಯಿ ಅದಾವ, ಯಡಹಳ್ಳಿಯೊಳಗ ತ್ವಾಳ, ನರಿ ಅದಾವ, ಎಲ್ಲಾ ನಮ್ಮ ನಾಯಿ ದಾಯಾದಿಗಳು, ನಮ್ಮ ನಾಯಿ ಕುಡದ ಹೊಂಡದಾಗ ಅವೂ ಕುಡೀತಾವ. ಹಗ್ಗ ಓಟಾ ತಡೀತದ, ರೋಗ ತಡಿಯಂಗಿಲ್ಲ. ತಿರುಗಾ ಅವುಗಳ ಉಣ್ಣಿ ನಮ್ಮ ನಾಯಿಗೆ, ಅಲ್ಲಿಂದ ನಮ್ಮ ಹಾಸಿಗಿಗೆ. ಉಣ್ಣಿ ಜ್ವರಾ ಅಂದ್ರ ನಾಯಿ ಸಾಕಿದವ್ರಿಗೆ ಹೇಳೋದು ಬ್ಯಾಡ, ಚಿಗರಿ ಮೈಯಾಗ ಅವತ್ತ ರಾತ್ರಿ ಚಿಮಟಾ ಹಿಡದು ತಗದದ್ದು ಹದಿನಾಲ್ಕು. ಮತ್ತ ಭೀಮಗಡದಂಥಾ ಕಡೆ ಚಿರತಿ ಐತಿ, ಚಿರತಿಗೆ ನಾಯಿ ಅಂದ್ರ ಹಬ್ಬದ ಊಟ, ನಾಯಿ ಹೆದರಿ ಓಡಿ ಬರೋದು ಮಾಲಕನ ಕಾಲ ಬುಡಕ್ಕ.

ಅವತ್ತಿಂದ ನಮ್ಮನಿಯೊಳಗ ಬದಲಾದದ್ದು ಹೇಳ್ತೀನಿ. ಮೊದಲನೇದು ಪಟ್ಟಾ. ಈ ತಳಿಗೆ ತಲಿಗಿಂತ ಕೊರಳು ದಪ್ಪ, ಸಾದಾ ಪಟ್ಟಾ ಹಿಂದಕ್ಕ ಜಗ್ಗಿದ್ರ ತಲಿ ಮ್ಯಾಲಿಂದ ಸರಳ ಕಳಚಿ ಬರ್ತದ, ನಾವು ಎರಡು ವರ್ಷ ಅದನ್ನ ಹಾಕಿ ಹಗ್ಗ ಐತಲ್ಲ ಅಂತ ಧೈರ್ಯಾ ಮಾಡಿದ್ವಿ. ಈಗ ಮಾರ್ಟಿಂಗೇಲ್ ಅಂತ ಅಗಲ ಪಟ್ಟಾ, ಜಗ್ಗಿದ್ರ ಸ್ವಲ್ಪ ಬಿಗಿ ಆಗ್ತದ, ಉಸಿರು ಕಟ್ಟಂಗಿಲ್ಲ, ಕಳಚಂಗಿಲ್ಲ, ಅದರ ಜೊತಿ ಎದಿಗೆ ಹಾಕೋ ಹಾರ್ನೆಸ್. ಹಗ್ಗ ಎರಡು ಮೀಟರಿಂದು, ದಪ್ಪನ್ನ ಹತ್ತಿದು. ಆ ಬಟನ್ ಒತ್ತಿದ್ರ ಒಳಗ ಹೋಗೋ ದಾರದಂಥಾ ಹಗ್ಗ ಮೈದುನ ತಂದಿದ್ದ, ಅದನ್ನ ಅಟ್ಟದ ಮ್ಯಾಲೆ ಒಗದೀನಿ, ಇಂಥಾ ನಾಯಿ ಒಮ್ಮೆ ಹಾರಿದ್ರ ಆ ದಾರ ನಮ್ಮ ಬೆರಳು ಕೊಯ್ತದ.

ಎರಡನೇದು, ಎಲ್ಲಿ ಹೋಗ್ತೀವಿ ಅನ್ನೋದು. ಜಾಗಾ ಯಾರದು ಅಂತ ಹಿಂದಿನ ದಿನ ಕೇಳ್ತೀವಿ, ಊರಿನ ಒಬ್ಬ ಹಿರೇರನ್ನ ಅಷ್ಟ ಅಲ್ಲ, ಫಾರೆಸ್ಟ್‌ನವ್ರನ್ನೂ ಕೇಳ್ತೀವಿ, ಗಾಯರಾಣ ಇದ್ರ ಎಲ್ಲಿತನಕ ಅಂತನೂ ಕೇಳ್ತೀವಿ. ಅಭಯಾರಣ್ಯ ಇದ್ರ ನಾಯಿ ಮನಿಯಾಗ. ಗುಡಿ-ಕ್ವಾಟಿ ಇದ್ರ ನಾಯಿ ಮನಿಯಾಗ, ಇಲ್ಲಾ ಒಬ್ರು ಹೊರಗ ನೆರಳಿನಾಗ ಕೂತಿರೋದು, ಆದ್ರ ಗಾಡಿಯಾಗ ಕಾಚು ಏರಿಸಿ ಬಿಟ್ಟು ಹೋಗೋದು ಮಾತ್ರ ಎಂದೂ ಇಲ್ಲ, ನಮ್ಮ ಬಿಸಲಿಗೆ ಹತ್ತು ನಿಮಿಷ ಸಾಕು. ಉಳದದ್ದು ಏನ್ ಹಂಗಾರ ಅಂತ ಕೇಳ್ತೀರಿ. ಉಳದದ್ದು ಮಾವನ ಹೊಲ, ಪರಿಚಯದವ್ರ ತ್ವಾಟ, ನಸುಕಿನಾಗ ಕೆನಾಲ್ ಬಾಜೂದ ದಾರಿ. ಓಡಿಸಬೇಕು ಅಂದ್ರ ಮಾವನ ಹೊಲದ ಒಂದು ಪಟ್ಟಿಗೆ ನಾಕು ಮೂಲಿಗೂ ಐದು ಫೂಟ್ ಜಾಳಗಿ ಬೇಲಿ ಹಾಕ್ಸೀವಿ, ಅದರ ಖರ್ಚು ಮೈದುನನ ತಲಿಗೆ, ಅದರಾಗ ನನ್ನ ಮನಸಿಗೆ ಸ್ವಲ್ಪ ಸಮಾಧಾನ ಐತಿ. ಹೊಟ್ಟಿ ತುಂಬ ಉಂಡ ಕೂಡ್ಲೆ ಓಡಿಸಂಗಿಲ್ಲ, ಎದಿ ಆಳ ಇದ್ದ ನಾಯಿಗೆ ಹೊಟ್ಟಿ ಉಬ್ಬಿ ತಿರುವಿ ಬೀಳೋ ಅಪಾಯ ಐತಿ ಅಂತ ಡಾಕ್ಟರ್ ಹೇಳ್ಯಾರ, ಅವತ್ತ ಅದನ್ನೂ ಲಕ್ಷ್ಯ ಮಾಡಿರಲಿಲ್ಲ, ಉಳದ ರೊಟ್ಟಿ ಎಲ್ಲಾ ಆಕಿಗೇ ಹಾಕಿದ್ವಿ.

ಕರದ್ರ ಬರೋದು ಕಲಸ್ಬೇಕು ಅಂತ ಹೇಳೋರು ಭಾಳ ಮಂದಿ ಅದಾರ. ಕಲಸಾಕತ್ತೀನಿ, ಹತ್ತು ಮೀಟರ್ ಉದ್ದದ ಹಗ್ಗ ಕಟ್ಟಿ ಬೇಲಿ ಒಳಗ ದಿನಾ. ಹತ್ತಕ್ಕ ಎಂಟು ಸಲ ಬರ್ತಾಳ. ಉಳದ ಎರಡು ಸಲ ಕಾಗಿ ಹಾರಿರ್ತದ, ಇಲ್ಲಾ ಮಾವನ ಕೋಳಿ ಓಡಿರ್ತದ. ಆ ಎರಡರ ಸಲುವಾಗಿನ ಹಗ್ಗ ಇರೋದು, ಎಂಟರ ಸಲುವಾಗಿ ಅಲ್ಲ.

ಚಿಂಕಾರ ಏನಾತು ಅಂತ ಮಗಳು ವಾರಕ್ಕೊಮ್ಮೆ ಕೇಳ್ತಿದ್ಲು. ಗಾರ್ಡ್ ಸಾಹೇಬ್ರಿಗೆ ಫೋನ್ ಮಾಡಿದೆ, ಮೂರು ದಿನ ಆ ಭಾಗಾ ತಿರುಗಿ ನೋಡಿದ್ರಂತ, ಸತ್ತದ್ದು ಏನೂ ಕಾಣಲಿಲ್ಲ ಅಂದ್ರು, ಅಷ್ಟ.

ಮಾರ್ಚಿನಾಗ ಮತ್ತ ಮಾವನ ಹೊಲಕ್ಕ ಹೋಗಿದ್ವಿ. ಸಂಜಿಮುಂದ ಬದುವಿನ ಮ್ಯಾಲೆ ನಿಂತಿದ್ವಿ, ಹಗ್ಗ ನನ್ನ ಮುಂಗೈಗೆ ಎರಡು ಸುತ್ತು ಸುತ್ತಿತ್ತು. ಗಡಿ ಕಲ್ಲಿನ ಆಚೆ, ಕಾಣಂಗಿಲ್ಲ, ಛೀಂ ಅಂತು. ಚಿಗರಿ ಮೈಯೆಲ್ಲಾ ಒಮ್ಮೆಲೆ ಗಟ್ಟಿ ಆತು, ಹಗ್ಗ ತಂತಿ ಆತು, ನಾನು ಕಾಲು ಊರಿ ಹಿಂದಕ್ಕ ವಾಲಿ ನಿಂತೆ. ಮೈದುನ ಬಾಜೂಕ ಇದ್ದ, ಬಾಯಿ ತಗೀಲಿಲ್ಲ, ಬಂದು ಹಗ್ಗದ ಇನ್ನೊಂದು ತುದಿ ಹಿಡದ.